ಧೋನಿ ಔಟಾದ ಮರುಕ್ಷಣ: 2.53 ಕೋಟಿ ಜನರ ಲೋಡ್ ಹೊತ್ತ ಸರ್ವರ್‌ಗಳ ಕಥೆ

2019ರ ಜುಲೈ 10, ಬುಧವಾರ. ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್ ಮೈದಾನ. ವಿಶ್ವಕಪ್ ಸೆಮಿಫೈನಲ್. ನ್ಯೂಜಿಲೆಂಡ್ ಎದುರು ಗೆಲ್ಲಲು ಭಾರತಕ್ಕೆ 240 ರನ್ ಬೇಕು. 49ನೇ ಓವರ್ ನಡೆಯುತ್ತಿದೆ. ಮೊದಲ ಎಸೆತಕ್ಕೆ ಧೋನಿ ಸಿಕ್ಸ್ ಬಾರಿಸಿದರು. ಮೂರನೇ ಎಸೆತಕ್ಕೆ ಎರಡನೇ ರನ್ ಕದಿಯಲು ಓಡಿದರು. ಮಾರ್ಟಿನ್ ಗಪ್ಟಿಲ್ ದೂರದಿಂದ ಎಸೆದ ಚೆಂಡು ನೇರವಾಗಿ ಸ್ಟಂಪ್‌ಗೆ ಬಡಿಯಿತು. ಕೂದಲೆಳೆಯ ಅಂತರದಲ್ಲಿ ಧೋನಿ ರನೌಟ್.

ಆ ಸಂಜೆ ಹಾಟ್‌ಸ್ಟಾರ್ ಆ್ಯಪ್‌ನಲ್ಲಿ ಈ ಪಂದ್ಯವನ್ನು ಒಂದೇ ಹೊತ್ತಿಗೆ ನೋಡುತ್ತಿದ್ದವರ ಸಂಖ್ಯೆ 2.53 ಕೋಟಿ ಮುಟ್ಟಿತ್ತು. ಆಗಿನ ಮಟ್ಟಿಗೆ ಅದು ವಿಶ್ವದಾಖಲೆ. ಧೋನಿ ಪೆವಿಲಿಯನ್ ಕಡೆ ನಡೆದರು. ಕೆಲವೇ ನಿಮಿಷಗಳಲ್ಲಿ ಆ ಸಂಖ್ಯೆ 10 ಲಕ್ಷಕ್ಕಿಂತ ಕೆಳಗೆ ಬಿತ್ತು.

ಇದನ್ನು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ. 2.53 ಕೋಟಿ ಜನ ಇದ್ದಾಗ ಸರ್ವರ್‌ಗಳಿಗೆ ಎಷ್ಟು ಕಷ್ಟ ಆಗಿರಬೇಕು, ಅವರೆಲ್ಲ ಹೋದ ಮೇಲೆ ಎಷ್ಟು ಹಗುರ ಆಗಿರಬೇಕು, ಅಂತ. ನನಗೂ ಮೊದಲು ಹಾಗೇ ಅನಿಸಿತ್ತು. ಆಮೇಲೆ ಹಾಟ್‌ಸ್ಟಾರ್‌ನ ಎಂಜಿನಿಯರ್‌ಗಳು ಈ ಪಂದ್ಯದ ಬಗ್ಗೆ ಸಾರ್ವಜನಿಕ ವೇದಿಕೆಯಲ್ಲಿ ಕೊಟ್ಟ ವಿವರ ಕೇಳಿದೆ. ಜನ ಬರುವಾಗ ಇರುವಷ್ಟೇ ಅಪಾಯ ಜನ ಹೋಗುವಾಗಲೂ ಇತ್ತು. ಹೋಗುವಾಗಿನದು ಕಣ್ಣಿಗೆ ಕಾಣದ ಅಪಾಯ, ಅಷ್ಟೇ ವ್ಯತ್ಯಾಸ. ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಅದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆ ದಿನ ಏನೇನಾಯಿತು

ಹಾಟ್‌ಸ್ಟಾರ್ ಶುರುವಾಗಿದ್ದು 2015ರ ಆರಂಭದಲ್ಲಿ. ಅದಕ್ಕೂ ಮೊದಲು ಲೈವ್ ನೋಡುಗರ ದೊಡ್ಡ ಲೆಕ್ಕ ಅಂದರೆ 2012ರ ಅಕ್ಟೋಬರ್‌ನದು. ಫೆಲಿಕ್ಸ್ ಬಾಮ್‌ಗಾರ್ಟ್ನರ್ ಬಾಹ್ಯಾಕಾಶದ ಅಂಚಿನಿಂದ ಜಿಗಿದದ್ದನ್ನು ಯೂಟ್ಯೂಬ್‌ನಲ್ಲಿ ಸುಮಾರು 80 ಲಕ್ಷ ಜನ ಒಟ್ಟಿಗೆ ನೋಡಿದ್ದರು. 2018ರ ಐಪಿಎಲ್‌ನಲ್ಲಿ ಹಾಟ್‌ಸ್ಟಾರ್ 1.03 ಕೋಟಿ ತಲುಪಿತು. 2019ರ ಮೇ ತಿಂಗಳ ಐಪಿಎಲ್ ಫೈನಲ್‌ಗೆ 1.86 ಕೋಟಿ. ಅದಾಗಿ ಎರಡು ತಿಂಗಳು ತುಂಬುವ ಮೊದಲೇ ಈ ಸೆಮಿಫೈನಲ್ ಬಂತು. 67 ಲಕ್ಷ ಜನ ಇನ್ನೂ ಜಾಸ್ತಿ. ಇಷ್ಟು ಬೇಗ ಬೆಳೆಯುವುದನ್ನು ಸಂಭಾಳಿಸುವುದು ಸುಮ್ನೆ ಮಾತಲ್ಲ.

ಇದರಲ್ಲಿ ಮಳೆಯ ಪಾಲೂ ಇದೆ ಅಂತ ನನ್ನ ಅನಿಸಿಕೆ. ಪಂದ್ಯ ನಡೆಯಬೇಕಿದ್ದದ್ದು ಮಂಗಳವಾರ. ನ್ಯೂಜಿಲೆಂಡ್ 46.1 ಓವರ್‌ಗೆ 5 ವಿಕೆಟ್ ಕಳೆದುಕೊಂಡು 211 ರನ್ ಮಾಡಿದ್ದಾಗ ಮಳೆ ಬಂತು. ಉಳಿದ ಆಟ ಮೀಸಲು ದಿನಕ್ಕೆ, ಅಂದರೆ ಬುಧವಾರಕ್ಕೆ ಹೋಯಿತು. ನಮ್ಮಲ್ಲಿ ಆಗ ಮಧ್ಯಾಹ್ನ 3 ಗಂಟೆ. ವಾರದ ನಡುವಿನ ದಿನ, ಕೆಲಸದ ಹೊತ್ತು. ಟಿವಿ ಮನೆಯಲ್ಲಿ, ಜನ ಆಫೀಸಿನಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ. ಕೈಯಲ್ಲಿ ಇದ್ದದ್ದು ಮೊಬೈಲ್ ಮಾತ್ರ. 2016ರ ನಂತರ ಡೇಟಾ ಅಗ್ಗವಾಗಿತ್ತು. ಹಾಗಾಗಿ ಮೇಜಿನ ಕೆಳಗೆ, ಫೈಲಿನ ಮರೆಯಲ್ಲಿ, ಬಸ್ಸಿನ ಕಂಬಿಗೆ ಒರಗಿಕೊಂಡು ಜನ ಪಂದ್ಯ ನೋಡಿದರು.

ಭಾರತದ ಇನ್ನಿಂಗ್ಸ್ ಹೇಗಿತ್ತು ಅಂತ ಎಲ್ಲರಿಗೂ ನೆನಪಿರುತ್ತದೆ. ರೋಹಿತ್ 1, ಕೊಹ್ಲಿ 1, ನಮ್ಮ ರಾಹುಲ್ 1. ಮೂರು ವಿಕೆಟ್‌ಗೆ 5 ರನ್. ಆಮೇಲೆ 6 ವಿಕೆಟ್‌ಗೆ 92. ಎಷ್ಟೋ ಜನ ಫೋನ್ ಜೇಬಿಗೆ ಹಾಕಿಕೊಂಡಿರಬೇಕು. ಆಗ ಜಡೇಜ ಮತ್ತು ಧೋನಿ ನಿಂತರು. 116 ರನ್ ಜೊತೆಯಾಟ. ಜಡೇಜ 59 ಎಸೆತಕ್ಕೆ 77. "ಏಯ್, ಇನ್ನೂ ಚಾನ್ಸ್ ಇದೆ ಕಣೋ, ಹಾಕು ಹಾಕು" ಅಂತ ಒಬ್ಬರು ಇನ್ನೊಬ್ಬರಿಗೆ ಹೇಳುವ ಹೊತ್ತು ಅದು. ಲೈವ್ ಕ್ರಿಕೆಟ್‌ನ ನೋಡುಗರ ಗ್ರಾಫ್ ಅಂದರೆ ಹೆಚ್ಚೂಕಮ್ಮಿ ಜನರ ಎದೆಬಡಿತದ ಗ್ರಾಫೇ. ವಿಕೆಟ್ ಬಿದ್ದರೆ ಇಳಿಯುತ್ತದೆ, ಡ್ರಿಂಕ್ಸ್ ಬ್ರೇಕ್‌ಗೆ ಇಳಿಯುತ್ತದೆ, ಆಸೆ ಹುಟ್ಟಿದರೆ ಗೋಡೆ ಎದ್ದ ಹಾಗೆ ಎದ್ದು ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ನಿಮಿಷಕ್ಕೆ 10 ಲಕ್ಷದ ಆಸುಪಾಸು ಹೊಸಬರು ಬಂದು ಸೇರುತ್ತಾರೆ ಅಂತ ಲೆಕ್ಕ ಇಟ್ಟುಕೊಂಡೇ ಹಾಟ್‌ಸ್ಟಾರ್ ತಂಡ ತಯಾರಾಗಿತ್ತು.

ಲೋಡ್ ಒಂದಲ್ಲ, ಎರಡು

ವಿಡಿಯೊ ನೋಡುವುದು ಅಂದರೆ ನಮ್ಮ ಫೋನ್ ಏನು ಮಾಡುತ್ತದೆ ಅಂತ ಹತ್ತಿರದಿಂದ ನೋಡೋಣ.

ಮೈದಾನದ ಕ್ಯಾಮೆರಾದಿಂದ ಬಂದ ಚಿತ್ರವನ್ನು ಕೆಲವು ಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತಾರೆ. ಒಂದೊಂದು ತುಣುಕಿಗೂ ಹಲವು ಗುಣಮಟ್ಟದ ಪ್ರತಿ ತಯಾರಾಗುತ್ತದೆ. ದಪ್ಪನೆಯ ಎಚ್‌ಡಿ ಒಂದು, ಸಣ್ಣ ಪರದೆಗೆ ಸಾಕಾಗುವಂಥದ್ದು ಒಂದು, ನೆಟ್‌ವರ್ಕ್ ಸರಿಯಿಲ್ಲದವರಿಗೆ ತೀರಾ ತೆಳ್ಳನೆಯದು ಒಂದು. ಫೋನ್ ಮೊದಲು ಒಂದು ಪಟ್ಟಿ ತರಿಸಿಕೊಳ್ಳುತ್ತದೆ. ಯಾವ ತುಣುಕು ಎಲ್ಲಿದೆ ಅಂತ ಅದರಲ್ಲಿ ಇರುತ್ತದೆ. ಆಮೇಲೆ ತುಣುಕು ತರಿಸಿಕೊಳ್ಳುತ್ತದೆ. ಅದನ್ನು ತೋರಿಸುತ್ತಲೇ ಮುಂದಿನ ಪಟ್ಟಿ, ಮುಂದಿನ ತುಣುಕು. ಪಂದ್ಯ ಮುಗಿಯುವವರೆಗೂ ಇದೇ ಕೆಲಸ. ಪಕ್ಕದ ಮನೆಯ ಟಿವಿಯಿಂದ "ಔಟ್" ಅನ್ನುವ ಕೂಗು ಬಂದ ಎಷ್ಟೋ ಸೆಕೆಂಡು ಆದ ಮೇಲೆ ಫೋನಿನಲ್ಲಿ ಬೌಲರ್ ಓಡಿ ಬರುತ್ತಾನಲ್ಲ, ಅದಕ್ಕೆ ಕಾರಣವೂ ಇದೇ. ತುಣುಕು ಕತ್ತರಿಸಿ, ಪ್ರತಿ ಮಾಡಿ, ಕಳಿಸಿ, ಫೋನ್ ಒಂದೆರಡು ತುಣುಕು ಕೂಡಿಟ್ಟುಕೊಂಡು ತೋರಿಸುವಷ್ಟರಲ್ಲಿ ಹೊತ್ತು ಆಗಿರುತ್ತದೆ.

ಒಂದು ತುಣುಕು 4 ಸೆಕೆಂಡಿನದು ಅಂತ ಇಟ್ಟುಕೊಂಡು ಲೆಕ್ಕ ಹಾಕಿ. 2.53 ಕೋಟಿ ಫೋನ್‌ಗಳು 4 ಸೆಕೆಂಡಿಗೊಮ್ಮೆ ಒಂದು ತುಣುಕು ಕೇಳಿದರೆ ಸೆಕೆಂಡಿಗೆ 63 ಲಕ್ಷ ಕೋರಿಕೆ. ಒಂದೊಂದು ಫೋನ್ ಸೆಕೆಂಡಿಗೆ ಬರೀ 500 ಕಿಲೋಬಿಟ್ ಎಳೆದರೂ ಒಟ್ಟು 12 ಟೆರಾಬಿಟ್ ದಾಟುತ್ತದೆ. ಆ ಪಂದ್ಯದಲ್ಲಿ ವಿಡಿಯೊ ಹರಿವು ಸೆಕೆಂಡಿಗೆ 10 ಟೆರಾಬಿಟ್‌ಗೂ ಜಾಸ್ತಿ ಇತ್ತು ಅಂತ ಹಾಟ್‌ಸ್ಟಾರ್‌ನವರೇ ಹೇಳಿದ್ದಾರೆ.

ಆದರೆ ಈ ಲೋಡ್ ಎಷ್ಟೇ ದೊಡ್ಡದಾದರೂ ಅದಕ್ಕೆ ಒಂದು ಒಳ್ಳೆಯ ಗುಣ ಇದೆ. ಎಲ್ಲರೂ ಕೇಳುವುದು ಒಂದೇ ವಸ್ತು. ಹುಬ್ಬಳ್ಳಿಯವರು ಕೇಳುವುದೂ ಅದೇ ತುಣುಕು, ಪಟ್ನಾದವರು ಕೇಳುವುದೂ ಅದೇ. ಒಮ್ಮೆ ಆ ತುಣುಕು ಊರ ಹತ್ತಿರದ ಸಿಡಿಎನ್ (ಪ್ರತಿಗಳನ್ನು ಜನರ ಹತ್ತಿರವೇ ಇಟ್ಟು ಹಂಚುವ ಸರ್ವರ್‌ಗಳ ಜಾಲ) ಸರ್ವರ್‌ಗೆ ಬಂದರೆ ಸಾಕು, ಆ ಭಾಗದ ಲಕ್ಷಾಂತರ ಜನಕ್ಕೆ ಅಲ್ಲಿಂದಲೇ ಹಂಚಬಹುದು. ಮೂಲ ಸರ್ವರ್ ತನಕ ಯಾರೂ ಹೋಗಬೇಕಿಲ್ಲ. ಹೊಸ ತುಣುಕು ಬಂದ ಕ್ಷಣ ಸಾವಿರಾರು ಫೋನ್‌ಗಳು ಒಟ್ಟಿಗೆ ಕೇಳಿದರೂ ಸಿಡಿಎನ್ ಸರ್ವರ್ ಮೇಲಕ್ಕೆ ಒಂದೇ ಒಂದು ಕೋರಿಕೆ ಕಳಿಸಿ, ಉಳಿದವರನ್ನು ಒಂದು ಚಣ ತಡೆದು, ಬಂದದ್ದನ್ನು ಎಲ್ಲರಿಗೂ ಹಂಚುವ ಹಾಗೆ ಮಾಡಬಹುದು. ಲೈವ್ ವಿಡಿಯೊದಲ್ಲಿ ಮೂಲ ಸರ್ವರ್ ಉಳಿಯುವುದೇ ಈ ಉಪಾಯದಿಂದ.

ಸಿನಿಮಾ ಹಂಚುವವರಿಗೆ ಇದು ಇನ್ನೂ ಸುಲಭ. ನೆಟ್‌ಫ್ಲಿಕ್ಸ್ ತನ್ನದೇ ಸರ್ವರ್ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಒಳಗೇ ಇಡಿಸುತ್ತದೆ. ಜನ ಕಡಿಮೆ ಇರುವ ಹೊತ್ತಿನಲ್ಲಿ ಮರುದಿನಕ್ಕೆ ಬೇಕಾದ ಚಿತ್ರಗಳನ್ನು ಅದಕ್ಕೆ ತುಂಬಿಡುತ್ತದೆ. ಲೈವ್‌ಗೆ ಆ ಸೌಕರ್ಯ ಇಲ್ಲ. ಹಾಲು ಕರೆದ ಹಾಗೇ ಹಂಚಬೇಕು, ಮುಂಚೆಯೇ ತುಂಬಿಡಲು ಹಾಲೇ ಇರುವುದಿಲ್ಲ.

ಇಲ್ಲೇ ನಮ್ಮ ಭಾಷೆಯ ಒಂದು ವಿಷಯ ಹೇಳಿಬಿಡುತ್ತೇನೆ. ಐಪಿಎಲ್‌ಗೆ ಈಗ ಕನ್ನಡ ಕಾಮೆಂಟರಿ ಇದೆ, ತಮಿಳು, ತೆಲುಗು, ಬಂಗಾಳಿ ಎಲ್ಲ ಇದೆ. ಭಾಷೆಗೊಂದರಂತೆ ಚಿತ್ರ ಮತ್ತು ದನಿ ಎರಡನ್ನೂ ಸೇರಿಸಿ ಬೇರೆ ಬೇರೆ ತುಣುಕು ಮಾಡಿದರೆ, ಸಿಡಿಎನ್‌ನಲ್ಲಿ ಅದೇ ಚಿತ್ರದ ಹಲವು ಪ್ರತಿ ಕೂರುತ್ತವೆ. ಚಿತ್ರವನ್ನು ಒಂದೇ ಇಟ್ಟು ದನಿಯನ್ನು ಮಾತ್ರ ಬೇರೆ ತುಣುಕಾಗಿ ಕೊಟ್ಟರೆ ಆ ಭಾರ ತುಂಬ ಇಳಿಯುತ್ತದೆ. ದನಿಯ ತುಣುಕು ಚಿತ್ರದ ಮುಂದೆ ತೀರಾ ಚಿಕ್ಕದು. ಸಣ್ಣ ಭಾಷೆಗಳಿಗೆ ಕಾಮೆಂಟರಿ ಕೊಡುವುದು ದುಬಾರಿ ಅನ್ನುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಎರಡನೇ ಲೋಡ್ ಬೇರೆಯೇ ಜಾತಿಯದು. ನೀವು ಆ್ಯಪ್ ತೆರೆದಿರಿ. ನೀವು ಯಾರು, ಚಂದಾ ಕಟ್ಟಿದ್ದೀರಾ, ಯಾವ ಭಾಷೆ ಬೇಕು, ಕಳೆದ ವಾರ ಯಾವ ಧಾರಾವಾಹಿ ಅರ್ಧಕ್ಕೆ ಬಿಟ್ಟಿದ್ದೀರಿ, ನಿಮಗೆ ಏನು ಇಷ್ಟ ಆಗಬಹುದು, ಯಾವ ಜಾಹೀರಾತು ತೋರಿಸಬೇಕು. ಇವೆಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆ. ಒಂದು ಪ್ರತಿ ಮಾಡಿಟ್ಟು ಎಲ್ಲರಿಗೂ ಹಂಚಲು ಆಗುವುದಿಲ್ಲ. ಪ್ರತಿ ಸಲ ಸರ್ವರ್ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು, ಡೇಟಾಬೇಸ್ ಮುಟ್ಟಲೇಬೇಕು. ಪಂದ್ಯದ ಬಿಸಿಯಲ್ಲಿ ಇಂಥ ಕೋರಿಕೆಗಳು ಸೆಕೆಂಡಿಗೆ 10 ಲಕ್ಷ ತಲುಪಿದ್ದವು. ವಿಡಿಯೊಗಿಂತ ಇದರ ಅಳತೆ ಸಣ್ಣದು. ಆದರೆ ಸಿಡಿಎನ್ ಇಲ್ಲಿ ಜಾಸ್ತಿ ನೆರವಿಗೆ ಬರುವುದಿಲ್ಲ, ಹಾಗಾಗಿ ಒಡೆಯುವುದು ಸಾಮಾನ್ಯವಾಗಿ ಇಲ್ಲಿಯೇ.

ಎಲೆ ಹಾಕಿದ ಮೇಲೆ ಒಲೆ ಹಚ್ಚಿದರೆ ಆಗದು

ಕ್ಲೌಡ್ (ಬೇಕಾದಷ್ಟು ಸರ್ವರ್ ಬಾಡಿಗೆಗೆ ಸಿಗುವ ವ್ಯವಸ್ಥೆ) ಇದೆಯಲ್ಲ, ಜನ ಬಂದ ಹಾಗೆ ಸರ್ವರ್ ತಾನೇ ಜಾಸ್ತಿ ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದಕ್ಕೆ ಆಟೋಸ್ಕೇಲಿಂಗ್ ಅನ್ನುತ್ತಾರೆ. ಸಿಪಿಯು (ಮಷಿನ್‌ನ ಲೆಕ್ಕ ಹಾಕುವ ಭಾಗ) ಇಷ್ಟು ಬಿಸಿಯಾದರೆ, ಅಂದರೆ ಇಷ್ಟು ಕೆಲಸದಲ್ಲಿ ಮುಳುಗಿದರೆ ಇನ್ನಷ್ಟು ಮಷಿನ್ ಸೇರಿಸು ಅಂತ ನಿಯಮ ಬರೆದಿಟ್ಟರೆ ಆಯಿತು. ದಿನನಿತ್ಯದ ಕೆಲಸಕ್ಕೆ ಇದು ಚೆನ್ನಾಗಿಯೇ ನಡೆಯುತ್ತದೆ.

ಹಾಟ್‌ಸ್ಟಾರ್ ಓಡುತ್ತಿದ್ದದ್ದು ಅಮೆಜಾನ್‌ನ ಕ್ಲೌಡ್‌ನಲ್ಲಿ. ಅಲ್ಲಿನ ಮಾಮೂಲಿ ಆಟೋಸ್ಕೇಲಿಂಗ್ ಅನ್ನು ಈ ಪಂದ್ಯಗಳಿಗೆ ಅವರು ನಂಬಲಿಲ್ಲ. ಕಾರಣ ಸರಳ. ಹೊಸ ಮಷಿನ್ ಎದ್ದು, ಅದರಲ್ಲಿ ಪ್ರೋಗ್ರಾಂ ಶುರುವಾಗಿ, ಲೋಡ್ ಬ್ಯಾಲೆನ್ಸರ್ (ಬಂದ ಕೋರಿಕೆಗಳನ್ನು ಮಷಿನ್‌ಗಳಿಗೆ ಹಂಚಿಕೊಡುವ ವ್ಯವಸ್ಥೆ) ಅದನ್ನು ಗುರುತಿಸಿ ಕೆಲಸ ಕೊಡುವಷ್ಟರಲ್ಲಿ ಒಂದೂವರೆ ನಿಮಿಷ ಹೋಗಿರುತ್ತದೆ. ಅಷ್ಟರಲ್ಲಿ 15 ಲಕ್ಷ ಜನ ಬಾಗಿಲಲ್ಲಿ ನಿಂತಿರುತ್ತಾರೆ. ಅವರಿಗೆ ಉತ್ತರ ಸಿಗದೆ ಮತ್ತೆ ಮತ್ತೆ ಒತ್ತುತ್ತಾರೆ, ಇರುವ ಮಷಿನ್‌ಗಳೂ ಕುಸಿಯುತ್ತವೆ. ಇನ್ನೊಂದು ತೊಡಕು, ಮಷಿನ್‌ಗಳು ಬರುವುದು ಸ್ವಲ್ಪ ಸ್ವಲ್ಪವಾಗಿ, ಕಂತಿನಲ್ಲಿ. ಒಂದೇ ವಲಯದಲ್ಲಿ ಒಂದೇ ಮಾದರಿಯ ನೂರಾರು ಮಷಿನ್ ಒಟ್ಟಿಗೆ ಕೇಳಿದರೆ ಕ್ಲೌಡ್‌ನವರ ಬಳಿಯೂ ಅಷ್ಟು ಖಾಲಿ ಇರುವುದಿಲ್ಲ. ಕ್ಲೌಡ್ ಅಂದರೂ ಎಲ್ಲೋ ಒಂದು ಕಟ್ಟಡದಲ್ಲಿ ಇರುವ ಕಬ್ಬಿಣದ ಪೆಟ್ಟಿಗೆಗಳೇ ಅಲ್ವಾ?

ನಮ್ಮ ಕಡೆ ಮದುವೆ ಅಡುಗೆಗೆ ಭಟ್ಟರನ್ನು ಕರೆಸುತ್ತೇವೆ. ಅವರು ಮೊದಲು ಕೇಳುವ ಪ್ರಶ್ನೆ, "ಎಲೆ ಎಷ್ಟು?" 800 ಅಂದರೆ 900ಕ್ಕೆ ಅಕ್ಕಿ ತೊಳೆಯುತ್ತಾರೆ. ಮೊದಲ ಪಂಕ್ತಿಯಲ್ಲಿ ಎಷ್ಟು ಜನ ಕೂತರು ಅಂತ ಬಾಗಿಲಿಂದ ಬಗ್ಗಿ ನೋಡಿ ಎರಡನೇ ಪಂಕ್ತಿಗೆ ಮುಂಚೆಯೇ ಇನ್ನೊಂದು ಹಂಡೆ ಒಲೆ ಮೇಲೆ ಇಡುತ್ತಾರೆ. ಸಾರು ಮುಗಿದ ಮೇಲೆ ಬೇಳೆ ಬೇಯಿಸಲು ಹೊರಟರೆ ಮನೆ ಮರ್ಯಾದೆ ಹೋಯಿತು.

ಹಾಟ್‌ಸ್ಟಾರ್‌ನವರು ಮಾಡಿದ್ದೂ ಹೆಚ್ಚೂಕಮ್ಮಿ ಇದನ್ನೇ. ಮೆಟ್ಟಿಲು ಮೆಟ್ಟಿಲಾಗಿ ಒಂದು ಕೋಷ್ಟಕ ಇಟ್ಟುಕೊಂಡರು. ಇಷ್ಟು ಲಕ್ಷ ಜನ ಇದ್ದರೆ ಲಾಗಿನ್‌ಗೆ ಇಷ್ಟು ಮಷಿನ್, ಚಂದಾ ಪರಿಶೀಲನೆಗೆ ಇಷ್ಟು, ಸ್ಕೋರ್‌ಕಾರ್ಡ್‌ಗೆ ಇಷ್ಟು. ತಮ್ಮದೇ ಸಾಫ್ಟ್‌ವೇರ್ ಒಂದನ್ನು ಬರೆದರು. ಅದು ಸಿಪಿಯು ಬಿಸಿಯನ್ನು ನೋಡುವುದಿಲ್ಲ. ಈಗ ಎಷ್ಟು ಜನ ನೋಡುತ್ತಿದ್ದಾರೆ, ಎಷ್ಟು ಕೋರಿಕೆ ಬರುತ್ತಿದೆ, ಅದನ್ನು ನೋಡುತ್ತದೆ. ಒಂದು ಮೆಟ್ಟಿಲು ತುಂಬುವ ಮೊದಲೇ ಮುಂದಿನ ಮೆಟ್ಟಿಲಿನ ಮಷಿನ್‌ಗಳು ಎದ್ದು ಕೂತಿರುತ್ತವೆ. ಯಾವಾಗಲೂ ಒಂದಷ್ಟು ಖಾಲಿ ಎಲೆ ಹಾಕಿಯೇ ಇರಬೇಕು. ಒಂದು ಮಾದರಿಯ ಮಷಿನ್ ಸಿಗದಿದ್ದರೆ ಇನ್ನೊಂದು ಮಾದರಿ ಬರುವ ಹಾಗೆ ಎರಡನೇ ದಾರಿಯನ್ನೂ ಇಟ್ಟುಕೊಂಡಿದ್ದರು.

ಇದರಲ್ಲಿ ದುಡ್ಡು ಪೋಲಾಗುವುದಿಲ್ಲವೇ ಅಂತ ಕೇಳಬಹುದು. ಹೌದು, ಖಾಲಿ ಕೂತ ಮಷಿನ್‌ಗೂ ಬಾಡಿಗೆ ಕಟ್ಟಬೇಕು. ನನ್ನ ಅಭಿಪ್ರಾಯದಲ್ಲಿ ಅದು ಪೋಲಲ್ಲ. ಇಂಥ ಪಂದ್ಯ ವರ್ಷಕ್ಕೆ ಕೆಲವೇ ಕೆಲವು ದಿನ. ಆ ಕೆಲವು ಗಂಟೆಯ ಬಾಡಿಗೆ ಉಳಿಸಲು ಹೋಗಿ ಕೊನೆಯ ಓವರಿನಲ್ಲಿ ಚಕ್ರ ತಿರುಗುತ್ತಾ ನಿಂತರೆ ಜನ ಮತ್ತೆ ಬರುವುದಿಲ್ಲ.

ಏರಿಕೆ ಕೆಲವು ಸಲ ನಮ್ಮ ಕೈಯಿಂದಲೇ ಆಗುತ್ತದೆ ಅನ್ನುವುದನ್ನೂ ಮರೆಯಬಾರದು. ರೋಚಕ ಘಟ್ಟಕ್ಕೆ ಬಂದಾಗ "ಬನ್ನಿ, ನೋಡಿ" ಅಂತ ಕೋಟಿಗಟ್ಟಲೆ ಫೋನ್‌ಗಳಿಗೆ ಪುಶ್ ನೋಟಿಫಿಕೇಶನ್ ಹೋಗುತ್ತದೆ. ನೂರರಲ್ಲಿ ಇಬ್ಬರು ಮೂವರು ಒತ್ತಿದರೂ ಲಕ್ಷಾಂತರ ಜನ ಒಂದೇ ನಿಮಿಷದಲ್ಲಿ ಒಳಗೆ ನುಗ್ಗುತ್ತಾರೆ. ಮಾರ್ಕೆಟಿಂಗ್‌ನವರು ಕಳಿಸುವ ಮುಂಚೆ ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು ಹೇಳಬೇಕು. ಒಟ್ಟಿಗೆ ಕಳಿಸುವ ಬದಲು ಗುಂಪು ಗುಂಪಾಗಿ, ನಡುವೆ ಬಿಡುವು ಕೊಟ್ಟು ಕಳಿಸಿದರೆ ಅದೇ ಜನ ಬರುತ್ತಾರೆ, ನೂಕುನುಗ್ಗಲು ಇರುವುದಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಬ್ಯಾಕ್ ಬಟನ್

ಈಗ ಧೋನಿ ಔಟಾದ ಕ್ಷಣಕ್ಕೆ ಬರೋಣ.

ಫೋನ್ ಹಿಡಿದು ಕೂತವರು ಆಗ ಏನು ಮಾಡಿದರು ಅಂತ ಕಣ್ಣಮುಂದೆ ತಂದುಕೊಳ್ಳಿ. ಒಂದೆರಡು ಸೆಕೆಂಡು ಸುಮ್ಮನೆ ನೋಡಿದರು. ರಿಪ್ಲೇ ಬಂತು. "ಛೆ, ಹೋಯ್ತು" ಅಂದರು. ಹೆಬ್ಬೆರಳು ಬ್ಯಾಕ್ ಬಟನ್ ಮೇಲೆ ಹೋಯಿತು.

ಬ್ಯಾಕ್ ಒತ್ತಿದರೆ ಆ್ಯಪ್ ಮುಚ್ಚುವುದಿಲ್ಲ. ವಿಡಿಯೊದಿಂದ ಹೊರಬಂದು ಹೋಮ್‌ಪೇಜ್‌ಗೆ ಬರುತ್ತದೆ. ಹೋಮ್‌ಪೇಜ್ ತೆರೆದ ಕೂಡಲೇ ಆ್ಯಪ್ ಸರ್ವರ್‌ಗೆ ಒಂದು ಕಟ್ಟು ಪ್ರಶ್ನೆ ಕಳಿಸುತ್ತದೆ. ಇವರಿಗೆ ಯಾವ ಸಾಲು ತೋರಿಸಲಿ, ಅರ್ಧ ನೋಡಿದ್ದು ಯಾವುದು, ಹೊಸದು ಏನಿದೆ, ಶಿಫಾರಸು ಏನು. ಹಿಂದೆ ಹೇಳಿದೆನಲ್ಲ, ಒಬ್ಬೊಬ್ಬರಿಗೂ ಬೇರೆ ಲೆಕ್ಕ ಬೇಡುವ ಆ ಎರಡನೇ ಜಾತಿಯ ಲೋಡ್, ಅದೇ ಇದು.

ಅಂದರೆ ನೋಡಿ. ಪಂದ್ಯ ನೋಡುತ್ತಾ ಕೂತಾಗ 2.53 ಕೋಟಿ ಜನ ಈ ಸರ್ವರ್‌ಗಳನ್ನು ಹೆಚ್ಚೇನೂ ಕಾಡುವುದಿಲ್ಲ. ಅವರ ಕೋರಿಕೆ ಬಹುಪಾಲು ಸಿಡಿಎನ್‌ನಲ್ಲೇ ತೀರುತ್ತದೆ. ಅವರು ಎದ್ದು ಹೊರಟ ಗಳಿಗೆಯಲ್ಲಿ ಅಷ್ಟೂ ಜನ ಹೋಮ್‌ಪೇಜ್‌ನ ಬಾಗಿಲಿಗೆ ಬರುತ್ತಾರೆ, ಅದೂ ನಾಲ್ಕೈದು ನಿಮಿಷದ ಒಳಗೆ. ಸಂತೆಗೆ ಜನ ಬೆಳಗಿನಿಂದ ಒಬ್ಬೊಬ್ಬರಾಗಿ ಬರುತ್ತಾರೆ. ದಿಢೀರ್ ಮಳೆ ಹುಯ್ದರೆ ಎಲ್ಲರೂ ಒಂದೇ ಸಲ ಬಸ್‌ಸ್ಟ್ಯಾಂಡಿಗೆ ಓಡುತ್ತಾರೆ. ಸಂತೆಯ ಮೈದಾನ ದೊಡ್ಡದಿದ್ದರೆ ಸಾಲದು, ಬಸ್‌ಸ್ಟ್ಯಾಂಡಿನ ಸೂರೂ ಅಷ್ಟೇ ದೊಡ್ಡದಿರಬೇಕು.

ಮಾಮೂಲಿ ಆಟೋಸ್ಕೇಲಿಂಗ್ ಇದ್ದಿದ್ದರೆ ಇಲ್ಲಿ ಇನ್ನೊಂದು ಅನಾಹುತಕ್ಕೆ ದಾರಿ ಆಗುತ್ತಿತ್ತು. ಪಂದ್ಯದ ನಡುವೆ ಹೋಮ್‌ಪೇಜ್‌ಗೆ ಬರುವವರು ಕಡಿಮೆ. ಎಲ್ಲರೂ ವಿಡಿಯೊ ಒಳಗಿದ್ದಾರೆ. ಮಷಿನ್‌ಗಳು ತಣ್ಣಗಿವೆ ಅಂತ ನೋಡಿ ಆಟೋಸ್ಕೇಲಿಂಗ್ ಅವನ್ನು ಒಂದೊಂದಾಗಿ ತೆಗೆದುಬಿಡುತ್ತದೆ. ಸರಿಯಾಗಿ ಆ ಹೊತ್ತಿಗೆ ವಿಕೆಟ್ ಬೀಳುತ್ತದೆ. ಆದ್ದರಿಂದ ಹೋಮ್‌ಪೇಜ್‌ನ ಸರ್ವರ್‌ಗಳು ಎಷ್ಟಿರಬೇಕು ಅನ್ನುವುದನ್ನು ಹೋಮ್‌ಪೇಜ್‌ನ ಈಗಿನ ಲೋಡ್ ನೋಡಿ ತೀರ್ಮಾನಿಸಬಾರದು. ವಿಡಿಯೊ ಒಳಗೆ ಎಷ್ಟು ಜನ ಕೂತಿದ್ದಾರೆ ಅನ್ನುವುದನ್ನು ನೋಡಿ ತೀರ್ಮಾನಿಸಬೇಕು. ಯಾಕೆಂದರೆ ಅವರೆಲ್ಲ ಮುಂದಿನ ನಿಮಿಷವೇ ಇಲ್ಲಿಗೆ ಬರಬಹುದು. ನೋಡುಗರ ಸಂಖ್ಯೆ ಇಳಿಯಿತು ಅಂತ ಮಷಿನ್ ತೆಗೆಯಲೂ ಅವಸರ ಮಾಡಬಾರದು. ಸರ್ವರ್ ಇಳಿಸುವುದೂ ಮೆಟ್ಟಿಲು ಮೆಟ್ಟಿಲಾಗಿ, ನಿಧಾನವಾಗಿ ಆಗಬೇಕಾದ ಕೆಲಸ.

ಈ ಒಂದು ಸಂಗತಿ ತಿಳಿದ ಮೇಲೆ ನಾನು ಎಲ್ಲ ಲೈವ್ ಕಾರ್ಯಕ್ರಮಗಳನ್ನೂ ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದೆ. ಕೊನೆಯ ಬಾಲ್ ಆದ ಮೇಲೆ ಜನ ಎಲ್ಲಿಗೆ ಹೋಗುತ್ತಾರೆ? ಆ ಜಾಗ ತಯಾರಿದೆಯಾ? ಲೋಡ್ ಟೆಸ್ಟ್ ಮಾಡುವವರು ಏರುವ ಗೆರೆಯನ್ನು ಚೆನ್ನಾಗಿ ಪರೀಕ್ಷಿಸುತ್ತಾರೆ, ಬೀಳುವ ಗೆರೆಯನ್ನು ಪರೀಕ್ಷಿಸಲು ಮರೆಯುತ್ತಾರೆ.

ಯಾವುದನ್ನು ಕೈಬಿಡಬೇಕು

ಎಷ್ಟೇ ತಯಾರಿ ಮಾಡಿದರೂ ಅಂದಾಜು ತಪ್ಪುವ ದಿನ ಬರುತ್ತದೆ. ಆಗ ಏನು ಮಾಡಬೇಕು ಅನ್ನುವುದನ್ನು ಅಂದೇ ಕೂತು ಯೋಚಿಸಲು ಪುರುಸೊತ್ತು ಇರುವುದಿಲ್ಲ. ಮುಂಚೆಯೇ ಬರೆದಿಟ್ಟಿರಬೇಕು.

ಹಾಟ್‌ಸ್ಟಾರ್‌ನವರು ಇದಕ್ಕೆ ಪ್ಯಾನಿಕ್ ಮೋಡ್ ಅಂತ ಹೆಸರಿಟ್ಟಿದ್ದರು. ಯಾವ ಸೇವೆ ಏನೇ ಆದರೂ ನಿಲ್ಲಬಾರದು, ಯಾವುದು ನಿಂತರೂ ನಡೆಯುತ್ತದೆ ಅಂತ ಮೊದಲೇ ವಿಂಗಡಿಸಿಕೊಂಡರು. ವಿಡಿಯೊ ಓಡಲೇಬೇಕು. ಶಿಫಾರಸುಗಳು ಬೇಡ. ಪಂದ್ಯ ನೋಡಲು ಬಂದವರಿಗೆ ಆ ಹೊತ್ತಿನಲ್ಲಿ "ನಿಮಗೆ ಇದೂ ಇಷ್ಟವಾಗಬಹುದು" ಅನ್ನುವ ಸಾಲು ಕಾಣದಿದ್ದರೆ ಯಾರೂ ಕೇಳುವುದಿಲ್ಲ. ಗುಂಡಿ ಒತ್ತಿದರೆ ಆ ಸೇವೆ ಬದಿಗೆ ಸರಿಯುತ್ತದೆ, ಎಲ್ಲರಿಗೂ ಒಂದೇ ಸಾಮಾನ್ಯ ಹೋಮ್‌ಪೇಜ್ ಹೋಗುತ್ತದೆ. ಎಲ್ಲರಿಗೂ ಒಂದೇ ಅಂದ ಕೂಡಲೇ ಅದು ಸಿಡಿಎನ್‌ನಿಂದ ಹಂಚಬಹುದಾದ ವಸ್ತು ಆಗಿಬಿಡುತ್ತದೆ. ಎರಡನೇ ಜಾತಿಯ ಲೋಡ್ ಮೊದಲನೇ ಜಾತಿಯದಾಗಿ ಬದಲಾಗುತ್ತದೆ. ಈ ಉಪಾಯ ನನಗೆ ತುಂಬ ಹಿಡಿಸಿತು.

ನಮಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಒಂದೇ ಗಂಟೆಯಲ್ಲಿ ಲಕ್ಷಾಂತರ ಮಕ್ಕಳು, ಅವರ ಅಪ್ಪ ಅಮ್ಮ, ಚಿಕ್ಕಪ್ಪ, ಟ್ಯೂಷನ್ ಮೇಷ್ಟ್ರು ಎಲ್ಲರೂ ನಂಬರ್ ಹಾಕಿ ಒತ್ತುತ್ತಾರೆ. ಒಂದು ಸಲ ಪ್ರಕಟವಾದ ಮೇಲೆ ಆ ಅಂಕಗಳು ಅವತ್ತು ಬದಲಾಗುವುದಿಲ್ಲ. ಪ್ರತಿ ಸಲ ಡೇಟಾಬೇಸ್ ಹುಡುಕುವ ಬದಲು, ಪ್ರತಿ ನಂಬರಿಗೂ ಪುಟವನ್ನು ಹಿಂದಿನ ರಾತ್ರಿಯೇ ಸಿದ್ಧಮಾಡಿಟ್ಟು ಸಿಡಿಎನ್‌ಗೆ ಕೊಟ್ಟರೆ ಆ ನೂಕುನುಗ್ಗಲಿಗೆ ಸರ್ವರ್ ಬಗ್ಗುವುದಿಲ್ಲ. ನೋಂದಣಿ ಸಂಖ್ಯೆಯ ಜೊತೆ ಹುಟ್ಟಿದ ದಿನಾಂಕವನ್ನೂ ಕೇಳುವ ಹಾಗೆ ಪುಟದ ವಿಳಾಸ ಮಾಡಿದರೆ ಒಬ್ಬರದ್ದು ಇನ್ನೊಬ್ಬರು ನೋಡುವುದೂ ತಪ್ಪುತ್ತದೆ.

ಫೋನಿನ ಒಳಗಿನ ಆ್ಯಪ್‌ಗೂ ಶಿಸ್ತು ಬೇಕು. ಉತ್ತರ ಬರದಿದ್ದಾಗ ಆ್ಯಪ್ ತಕ್ಷಣ ಮತ್ತೆ ಕೇಳಿದರೆ, ಕೋಟಿ ಫೋನ್‌ಗಳು ಒಂದೇ ತಾಳದಲ್ಲಿ ಬಾಗಿಲು ಬಡಿದ ಹಾಗೆ. ಸುಸ್ತಾದ ಸರ್ವರ್ ಏಳುವುದೇ ಇಲ್ಲ. ಮೊದಲು 1 ಸೆಕೆಂಡು ಕಾದು ಕೇಳು, ಆಗಲೂ ಬರದಿದ್ದರೆ 2, ಆಮೇಲೆ 4, 8. ಅದರ ಮೇಲೆ ಒಂದೊಂದು ಫೋನೂ ಸ್ವಲ್ಪ ಹೆಚ್ಚುಕಡಿಮೆ ಹೊತ್ತು ಕಾಯುವ ಹಾಗೆ ಮಾಡು, ಆಗ ಎಲ್ಲರೂ ಒಂದೇ ಸೆಕೆಂಡಿಗೆ ಬರುವುದಿಲ್ಲ. ಇದು ಹಳೆಯ ಉಪಾಯ. ಈಗಲೂ ಎಷ್ಟೋ ಆ್ಯಪ್‌ಗಳಲ್ಲಿ ಇದು ಇರುವುದಿಲ್ಲ ಅನ್ನುವುದು ಬೇಸರದ ಸಂಗತಿ. ಇದನ್ನು ಪಂದ್ಯದ ದಿನ ಸೇರಿಸಲೂ ಆಗುವುದಿಲ್ಲ. ಜನ ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳಲು ವಾರಗಟ್ಟಲೆ ಹಿಡಿಯುತ್ತದೆ, ಕೆಲವರು ಮಾಡಿಕೊಳ್ಳುವುದೇ ಇಲ್ಲ.

ಸುಳ್ಳು ಜನಸಾಗರ

ಇದೆಲ್ಲ ಸರಿಯಾಗಿ ನಡೆಯುತ್ತದೆ ಅಂತ ನಂಬುವುದು ಹೇಗೆ? ಅದಕ್ಕಾಗಿ ಹಾಟ್‌ಸ್ಟಾರ್‌ನವರು ಹಲ್ಕ್ ಅನ್ನುವ ಯೋಜನೆ ಮಾಡಿಕೊಂಡರು. 3000ಕ್ಕೂ ಜಾಸ್ತಿ ದೊಡ್ಡ ಮಷಿನ್‌ಗಳನ್ನು ಬಾಡಿಗೆಗೆ ತಂದು, ಅವು ನೋಡುಗರ ಹಾಗೆ ನಟಿಸಿ ತಮ್ಮದೇ ಸರ್ವರ್‌ಗಳ ಮೇಲೆ ದಾಳಿ ಮಾಡುವ ಹಾಗೆ ಮಾಡಿದರು. ಒಂದೊಂದರಲ್ಲಿ 36 ಸಿಪಿಯು, 72 ಜಿಬಿ ಮೆಮೊರಿ. ಒಟ್ಟು 1,08,000 ಸಿಪಿಯು, 216 ಟಿಬಿ ಮೆಮೊರಿ. ಮಷಿನ್‌ಗಳನ್ನು ಜಗತ್ತಿನ 8 ಪ್ರದೇಶಗಳಲ್ಲಿ ಹರಡಿದರು. ಹರಡಿದ್ದಕ್ಕೆ ಕಾರಣ ಇದೆ. ಎಲ್ಲ ಒಂದೇ ಕಡೆಯಿಂದ ಬಂದರೆ ಆ ಭಾಗದ ಸಿಡಿಎನ್ ಸರ್ವರ್ ಕುಸಿದುಬಿಡಬಹುದು. ಅದನ್ನೇ ಬಳಸುವ ಬೇರೆ ಕಂಪನಿಗಳ ಗಿರಾಕಿಗಳಿಗೂ ಆಗ ತೊಂದರೆ. ಪರೀಕ್ಷೆ ಮಾಡುವಾಗ ಪಕ್ಕದವರ ಮನೆಯ ಬಗ್ಗೆಯೂ ಯೋಚಿಸಿದ್ದು ದೊಡ್ಡ ಗುಣ.

ಈ ಪರೀಕ್ಷೆಯಿಂದಲೇ ಒಂದೊಂದು ಸರ್ವರ್‌ಗೂ ಎಷ್ಟು ಜನರ ಭಾರ ಹೊರುವ ತಾಕತ್ತಿದೆ, ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಅಂತ ಗೊತ್ತಾಗುವುದು. ಆ ಮೆಟ್ಟಿಲುಗಳ ಕೋಷ್ಟಕ ಹೇಳಿದೆನಲ್ಲ, ಅದರ ಒಂದೊಂದು ಸಂಖ್ಯೆಗೂ ಹೀಗೆ ಮಾಡಿ ನೋಡಿದ ಪರೀಕ್ಷೆಯ ಆಧಾರ ಬೇಕು.

ಆಮೇಲೆ

2023ರ ನವೆಂಬರ್ 19. ಅಹಮದಾಬಾದ್. ವಿಶ್ವಕಪ್ ಫೈನಲ್, ಎದುರಾಳಿ ಆಸ್ಟ್ರೇಲಿಯಾ. ಅಷ್ಟರಲ್ಲಿ ಹಾಟ್‌ಸ್ಟಾರ್ ಹೆಸರಿನ ಮುಂದೆ ಡಿಸ್ನಿ ಸೇರಿತ್ತು. ಮೊಬೈಲ್‌ನಲ್ಲಿ ಪಂದ್ಯ ಪುಕ್ಕಟೆಯಾಗಿತ್ತು. ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು, 2019ರ ಎರಡು ಪಟ್ಟಿಗೂ ಜಾಸ್ತಿ. ನಾಲ್ಕು ವರ್ಷದ ಹಿಂದೆ 1 ರನ್‌ಗೆ ಔಟಾಗಿದ್ದ ರಾಹುಲ್ ಅವತ್ತು 66 ಹೊಡೆದು ಭಾರತದ ಪರ ಅತಿ ಹೆಚ್ಚು ರನ್ ಗಳಿಸಿದರು.

ಮಷಿನ್‌ಗಳನ್ನು ಎರಡು ಪಟ್ಟು ಮಾಡಿ ಇಷ್ಟು ಜನರನ್ನು ಹೊರಲು ಆಗುವುದಿಲ್ಲ. ಆ ವರ್ಷದ ತಯಾರಿಯಲ್ಲಿ ಅವರು ಮಾಡಿದ ಒಂದು ಕೆಲಸ ನೇರವಾಗಿ ಈ ಎರಡು ಜಾತಿಯ ಲೋಡ್‌ಗೆ ಸೇರಿದ್ದು. ಸ್ಕೋರ್‌ಕಾರ್ಡ್, ಪಂದ್ಯದ ಮುಖ್ಯ ಕ್ಷಣಗಳು, ಇಂಥವು ಎಲ್ಲರಿಗೂ ಒಂದೇ. ಆದರೂ ಅವು ವೈಯಕ್ತಿಕ ಕೋರಿಕೆಗಳ ಜೊತೆಗೇ, ಅದೇ ದಾರಿಯಲ್ಲಿ, ಅದೇ ತಪಾಸಣೆ ದಾಟಿ ಬರುತ್ತಿದ್ದವು. ಇವನ್ನು ಬೇರೆ ದಾರಿಗೆ ಹಾಕಿದರು. ಆ ದಾರಿಯಲ್ಲಿ ಬೇಡದ ತಪಾಸಣೆಗಳನ್ನು ತೆಗೆದರು. ಸ್ಕೋರ್ ಎಷ್ಟು ಅಂತ ಕೇಳುವ ಕೋಟ್ಯಂತರ ಜನಕ್ಕೆ ಸಿಡಿಎನ್‌ನಲ್ಲೇ ಉತ್ತರ ಸಿಕ್ಕಿತು. ಒಳಗಿನ ಸರ್ವರ್‌ಗಳು ನಿಜವಾಗಿ ಲೆಕ್ಕ ಹಾಕಬೇಕಾದ ಕೆಲಸಕ್ಕೆ ಉಳಿದುಕೊಂಡವು.

ಅವತ್ತು ಮ್ಯಾಕ್ಸ್‌ವೆಲ್ ಗೆಲುವಿನ ರನ್ ಹೊಡೆದಾಗ ಮತ್ತೆ ಅದೇ ನಡೆದಿರಬೇಕು. ಒಂದು ಕ್ಷಣ ಮೌನ, ಆಮೇಲೆ ಕೋಟಿಗಟ್ಟಲೆ ಹೆಬ್ಬೆರಳುಗಳು ಬ್ಯಾಕ್ ಬಟನ್ ಕಡೆಗೆ.